ಟ್ರೇಲರ್ ಹಬ್‌ನೊಳಗೆ ನೀರು: ಗ್ರೀಸ್ ತುಂಬಿದರೆ ಸಾಕೇ, ಬಿಚ್ಚಿ ನೋಡಬೇಕೇ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನೆಲೆಸಿದ್ದೇವೆ. ಹೋದ ವರ್ಷ ಬೇರೆಯವರು ಬಳಸಿದ್ದ 18 ಅಡಿಯ ಫೈಬರ್‌ಗ್ಲಾಸ್ ದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡೆವು. ಟ್ರೇಲರ್‌ಗೆ ಒಂದೇ ಆಕ್ಸಲ್, 3,500 ಪೌಂಡ್ ಸಾಮರ್ಥ್ಯದ್ದು, ಬ್ರೇಕ್ ಇಲ್ಲ. ಮಾರಿದವರು "ಗ್ರೀಸ್ ಎಲ್ಲ ಹಾಕಿದೆ, ಒಂದು ವರ್ಷ ಏನೂ ನೋಡುವುದು ಬೇಡ" ಎಂದಿದ್ದರು. ಈವರೆಗೆ ಏಳೆಂಟು ಸಲ ಗ್ಯಾಲ್ವೆಸ್ಟನ್‌ನ ಉಪ್ಪುನೀರಿಗೂ ಎರಡು ಸಲ ಕಾನ್ರೋ ಸರೋವರಕ್ಕೂ ಇಳಿಸಿದ್ದೇವೆ. ಕಳೆದ ಭಾನುವಾರ ವಾಪಸು ಬರುವಾಗ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಮುಟ್ಟಿ ನೋಡಿದರೆ ಎಡಗಡೆಯ ಹಬ್ (ಚಕ್ರದ ನಡುವಿನ ಗುಂಬ) ಬೆಚ್ಚಗಿತ್ತು, ಬಲಗಡೆಯದರ ಮೇಲೆ ಕೈ ಇಡಲಾಗಲಿಲ್ಲ. ಬಲ ರಿಮ್ಮಿನ ಒಳಮೈಗೆ ಗ್ರೀಸ್ ಎರಚಿಕೊಂಡಿದೆ. ಮನೆಗೆ ಬಂದು ಮುಂದಿನ ಸ್ಪ್ರಿಂಗ್ ಕ್ಯಾಪ್ ತೆಗೆದಾಗ ಮಜ್ಜಿಗೆ ಬಣ್ಣದ ಗ್ರೀಸ್ ಕಂಡಿತು. 30 ವರ್ಷದಿಂದ ದೋಣಿ ಇಟ್ಟುಕೊಂಡಿರುವ ನೆರೆಯವರು, "ಪ್ರತಿ ಸಲ ನೀರಿಗಿಳಿಸುವ ಮುನ್ನ ಹೊಸ ಗ್ರೀಸ್ ಹೊರಬರುವವರೆಗೆ ಗ್ರೀಸ್ ಗನ್ ಒತ್ತಿ, ಅಷ್ಟೇ" ಎನ್ನುತ್ತಾರೆ. ವರ್ಕ್‌ಶಾಪ್‌ನವರು ಎರಡೂ ಹಬ್ ಪೂರ್ತಿ ಬದಲಾಯಿಸಬೇಕು ಎನ್ನುತ್ತಾರೆ. ಯಾರ ಮಾತು ಸರಿ? ನಾನೇ ಮಾಡಿಕೊಳ್ಳಬಹುದೇ? ಮೂರು ವಾರದ ನಂತರ ಮಕ್ಕಳೊಂದಿಗೆ ಮತ್ತೆ ಗ್ಯಾಲ್ವೆಸ್ಟನ್‌ಗೆ ಹೋಗುವುದಿದೆ.

ಉತ್ತರ: ಮೊದಲು ತುರ್ತಿನ ಮಾತು. ಬಲಗಡೆಯ ಹಬ್ ಬಿಚ್ಚಿ ನೋಡುವವರೆಗೆ ಆ ಟ್ರೇಲರನ್ನು ರಸ್ತೆಗೆ ತರಬೇಡಿ. ಹತ್ತಿರದ ವರ್ಕ್‌ಶಾಪ್‌ವರೆಗೆ ಎಳೆದುಕೊಂಡು ಹೋಗುವುದೂ ಬೇಡ. ನೀವು ಬರೆದಿರುವ ಮೂರು ಲಕ್ಷಣಗಳು ಒಂದಕ್ಕೊಂದು ತಾಳೆಯಾಗುತ್ತವೆ. ಗ್ರೀಸ್ ಮಜ್ಜಿಗೆಯಂತಾಗಿದೆ ಎಂದರೆ ಅದರಲ್ಲಿ ನೀರು ಕಲೆತಿದೆ. ರಿಮ್ಮಿನ ಒಳಮೈಗೆ ಗ್ರೀಸ್ ಎರಚಿದೆ ಎಂದರೆ ಹಬ್‌ನ ಹಿಂಬದಿಯ ಸೀಲ್ ಸೋತಿದೆ. ಒಂದು ಹಬ್ ಬೆಚ್ಚಗಿದ್ದು ಇನ್ನೊಂದು ಕೈ ಸುಡುತ್ತದೆ ಎಂದರೆ, ಬ್ರೇಕ್ ಇಲ್ಲದ ನಿಮ್ಮ ಟ್ರೇಲರ್‌ನಲ್ಲಿ, ಆ ಬಿಸಿ ಬೇರಿಂಗ್‌ನದೇ. ಬೇರೆಡೆಯಿಂದ ಬರಲು ಅಲ್ಲಿ ಬೇರೇನೂ ಇಲ್ಲ.

ನಿಮ್ಮ ನೆರೆಯವರ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ಹಬ್‌ನ ರಚನೆಗೆ ಆ ಸಲಹೆ ಒಪ್ಪುತ್ತಿರಬಹುದು. ನಿಮ್ಮದಕ್ಕೆ ಒಪ್ಪುವುದಿಲ್ಲ. ವರ್ಕ್‌ಶಾಪ್‌ನವರ ಮಾತಿನಲ್ಲಿ ಹೆಚ್ಚಿನ ಪಾಲು ಸತ್ಯವಿದೆ, ಆದರೆ ಅವರು ಹೇಳದೆ ಬಿಟ್ಟ ಒಂದು ಭಾಗವಿದ್ದು ಅದನ್ನು ನೋಡದೆ ಹೊಸ ಹಬ್ ಹಾಕಿಸಿದರೆ ಆರು ತಿಂಗಳಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಕೇಳುವಂತಾಗುತ್ತದೆ. ಇವೆರಡೂ ಏಕೆ ಎಂದು ತಿಳಿಯಲು ಹಬ್‌ನ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಊರಿನಲ್ಲಿ ಎತ್ತಿನ ಗಾಡಿಯನ್ನು ಹತ್ತಿರದಿಂದ ಕಂಡವರಿಗೆ ಇದು ಹೊಸದೇನಲ್ಲ. ಅಚ್ಚಿನ ತುದಿ ಚಕ್ರದ ಗುಂಬದ ಮೂಲಕ ಹಾಯ್ದು ಹೊರಬರುತ್ತದೆ, ಚಕ್ರ ಕಳಚದಂತೆ ಕಡಾಣಿ ಹಾಕಿರುತ್ತಾರೆ, ಒಳಗೆ ಕೀಲೆಣ್ಣೆ ಸವರಿರುತ್ತಾರೆ. ಟ್ರೇಲರ್‌ನಲ್ಲಿ ಅಚ್ಚಿನ ತುದಿಗೆ ಸ್ಪಿಂಡಲ್ ಎನ್ನುತ್ತಾರೆ, ಗುಂಬದ ಜಾಗದಲ್ಲಿ ಹಬ್ ಇದೆ, ಕಡಾಣಿಯ ಕೆಲಸವನ್ನು ಅಂಚಿನಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ ಮತ್ತು ಅದಕ್ಕೆ ತೂರಿಸಿದ ಸ್ಪ್ಲಿಟ್ ಪಿನ್ ಮಾಡುತ್ತವೆ. ವ್ಯತ್ಯಾಸವೆಂದರೆ ಹಬ್ ಮತ್ತು ಸ್ಪಿಂಡಲ್‌ಗಳ ನಡುವೆ ಎರಡು ಟೇಪರ್ ರೋಲರ್ (ಒಂದು ತುದಿಗೆ ಸಣ್ಣದಾಗುವ ಉರುಳೆಗಳುಳ್ಳ) ಬೇರಿಂಗ್‌ಗಳಿವೆ. ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಬೇರಿಂಗ್ ಮೇಲಿನಿಂದ ಬೀಳುವ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ತಾಳುತ್ತದೆ. ರೋಲರ್‌ಗಳ ಗುಂಪಿಗೆ ಕೋನ್ ಎಂದೂ, ಹಬ್‌ನೊಳಗೆ ಬಿಗಿಯಾಗಿ ಕುಳಿತಿರುವ ಉಕ್ಕಿನ ಬಳೆಗೆ ಕಪ್ ಎಂದೂ ಹೆಸರು. 3,500 ಪೌಂಡ್ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಒಳಗಡೆ ಎಲ್68149, ಹೊರಗಡೆ ಎಲ್44649 ಎಂಬ ಕೋನ್‌ಗಳಿರುತ್ತವೆ. ಆದರೂ ಹೊಸದು ತರುವ ಮುನ್ನ ಹಳೆಯದರ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯನ್ನು ಓದಿಕೊಂಡೇ ಹೋಗಬೇಕು. ಒಳ ಬೇರಿಂಗ್‌ನ ಹಿಂದೆ, ಸ್ಪಿಂಡಲ್‌ನ ನುಣುಪಾದ ಪಟ್ಟಿಯ ಮೇಲೆ ತುಟಿ ಊರಿಕೊಂಡು ಕುಳಿತಿರುವುದೇ ಹಿಂಬದಿಯ ರಬ್ಬರ್ ಸೀಲ್. ನಿಮ್ಮ ತೊಂದರೆಯ ಮೂಲ ಅಲ್ಲಿದೆ.

ಸೀಲ್‌ನ ಮುಖ್ಯ ತುಟಿ ಒಳಗಿನ ಗ್ರೀಸನ್ನು ಹೊರಬಿಡದಂತೆ ತಿರುಗಿರುತ್ತದೆ. ಹೊರಗಿನಿಂದ ಒತ್ತಿ ಬರುವ ನೀರಿನ ಎದುರು ಅದಕ್ಕೆ ಅಷ್ಟು ಬಲವಿಲ್ಲ. ನೀರು ಒತ್ತಿ ಬರುವುದಾದರೂ ಏಕೆ? ಹೆದ್ದಾರಿಯಲ್ಲಿ ಓಡಿದ ಹಬ್‌ನೊಳಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ಇದೆ ಎಂದುಕೊಳ್ಳಿ. ಅದನ್ನು ಹಾಗೆಯೇ ಹಿಂದಕ್ಕೆ ತಳ್ಳಿ 25 ಡಿಗ್ರಿಯ ನೀರಿಗಿಳಿಸಿದರೆ ಒಳಗೆ ಸಿಕ್ಕಿಕೊಂಡಿರುವ ಗಾಳಿ ತಣಿದು ಅದರ ಒತ್ತಡ ಸುಮಾರು ಶೇ. 10ರಷ್ಟು ಕುಸಿಯುತ್ತದೆ. ಒಂದು ಮೀಟರ್ ಎತ್ತರದ ನೀರಿನ ಕಂಬ ಸೀಲ್‌ನ ಮೇಲೆ ನಿಂತಂತೆ ಇದು. ತುಟಿ ಸವೆದಿದ್ದರೆ, ಗಟ್ಟಿಯಾಗಿದ್ದರೆ, ಅಥವಾ ಅದು ಊರುವ ಸ್ಪಿಂಡಲ್‌ನ ಪಟ್ಟಿಯಲ್ಲಿ ಗೆರೆ ಬಿದ್ದಿದ್ದರೆ ಹಬ್ ಆ ನೀರನ್ನು ಹೀರಿಕೊಳ್ಳುತ್ತದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. "ದೋಣಿಯ ಟ್ರೇಲರ್ ಎಂದಮೇಲೆ ನೀರಿಗಾಗಿಯೇ ಮಾಡಿದ್ದು" ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ನಿಮ್ಮದರ ಬೇರಿಂಗ್ ಮತ್ತು ಕಪ್‌ಗಳು ಒಣ ರಸ್ತೆಯ ಸರಕು ಟ್ರೇಲರ್‌ನಲ್ಲಿರುವಂಥವೇ, ತುಕ್ಕು ಹಿಡಿಯುವ ಉಕ್ಕಿನವು.

ಈಗ ಗ್ರೀಸ್ ಗನ್ನಿನ ವಿಚಾರ. ಹೊರಗಿನಿಂದ ಗ್ರೀಸ್ ತುಂಬುವ ಎರಡು ಬಗೆಯ ಏರ್ಪಾಡುಗಳು ಬಳಕೆಯಲ್ಲಿವೆ, ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ತೆರ, ನಡುವೆ ಗನ್ನಿನ ಬಾಯಿ ಕೂರಿಸುವ ಒಂದು ನಿಪ್ಪಲ್. ನಿಮ್ಮದು ಸ್ಪ್ರಿಂಗ್ ಕ್ಯಾಪ್ ಎಂದಿರುವುದರಿಂದ ಅದು 'ಬೇರಿಂಗ್ ಬಡ್ಡಿ' ಜಾತಿಯದು. ಅದರೊಳಗೆ ಸ್ಪ್ರಿಂಗ್ ಒತ್ತುತ್ತಿರುವ ಒಂದು ಬಿಲ್ಲೆ ಇದ್ದು, ಹಬ್ ಗ್ರೀಸ್‌ನಿಂದ ತುಂಬಿರುವಾಗ ಹೊರಗಿನ ಗಾಳಿಗಿಂತ ಸುಮಾರು 3 ಪಿ.ಎಸ್.ಐ.ನಷ್ಟು (ಚದರ ಅಂಗುಲಕ್ಕೆ 3 ಪೌಂಡ್) ಹೆಚ್ಚು ಒತ್ತಡವನ್ನು ಒಳಗೆ ಕಾಯ್ದುಕೊಳ್ಳುತ್ತದೆ. ನಾನು ಮೇಲೆ ಹೇಳಿದ ಹೀರುವಿಕೆಯನ್ನು ತಡೆಯಲು ಇದು ಒಳ್ಳೆಯ ಉಪಾಯವೇ. ಆದರೆ ಇದರಲ್ಲಿ ತುಂಬಿದ ಗ್ರೀಸ್ ಮುಂಭಾಗದಲ್ಲೇ ಉಳಿಯುತ್ತದೆ. ಹಳೆಯ ಗ್ರೀಸ್ ಹೊರಹೋಗಲು ದಾರಿಯೇ ಇಲ್ಲ. "ಹೊಸದು ಹೊರಬರುವವರೆಗೆ" ಒತ್ತುತ್ತ ಹೋದರೆ ಅದು ಬರುವುದು ಒಂದೇ ಕಡೆಯಿಂದ, ಹಿಂಬದಿಯ ಸೀಲ್‌ನ ತುಟಿಯನ್ನು ಮಗುಚಿ ಅಥವಾ ಸೀಲನ್ನೇ ಅದರ ಜಾಗದಿಂದ ನೂಕಿ. ಕೈಯಲ್ಲಿ ಒತ್ತುವ ಸಾಮಾನ್ಯ ಗನ್ ಕೂಡ ಸಾವಿರಾರು ಪಿ.ಎಸ್.ಐ. ಒತ್ತಡ ಕೊಡಬಲ್ಲದು. ನಿಮ್ಮ ರಿಮ್ಮಿನ ಮೇಲೆ ಎರಚಿರುವ ಗ್ರೀಸ್ ನೋಡಿದರೆ ಹಿಂದಿನ ಮಾಲೀಕರು ಹೀಗೆಯೇ ಮಾಡಿದ್ದರೇನೋ ಎಂದು ನನಗೆ ಬಲವಾದ ಅನುಮಾನ. ಈ ಕ್ಯಾಪ್‌ಗೆ ಬಿಲ್ಲೆ ಹೊರಗಡೆಗೆ ಮೂರು ಮಿಲಿಮೀಟರ್‌ನಷ್ಟು ಜರುಗುವವರೆಗೆ ಮಾತ್ರ ಗ್ರೀಸ್ ಬೇಕು. ಬೆರಳಿನಿಂದ ಬಿಲ್ಲೆಯ ಅಂಚನ್ನು ಒತ್ತಿದಾಗ ಅದು ಅಲುಗಾಡಿದರೆ ಗ್ರೀಸ್ ಸಾಕಷ್ಟಿದೆ ಎಂದು ಅರ್ಥ. ಆಗ ಗನ್ ಮುಟ್ಟಬೇಡಿ.

ಇನ್ನೊಂದು ಬಗೆಯಲ್ಲಿ ನಿಪ್ಪಲ್ ಇರುವುದು ಸ್ಪಿಂಡಲ್‌ನ ತುದಿಯಲ್ಲೇ. ಸ್ಪಿಂಡಲ್‌ನ ನಡುವೆ ರಂಧ್ರ ಕೊರೆದಿದ್ದು, ಗ್ರೀಸ್ ಮೊದಲು ಸೀಲ್‌ಗೂ ಒಳ ಬೇರಿಂಗ್‌ಗೂ ನಡುವೆ ಹೋಗಿ, ಎರಡೂ ಬೇರಿಂಗ್‌ಗಳ ಮೂಲಕ ಹಾಯ್ದು ಮುಂಭಾಗದಿಂದ ಹೊರಬರುತ್ತದೆ. ಡೆಕ್ಸ್‌ಟರ್ ಕಂಪನಿಯ ಇಝೀ-ಲ್ಯೂಬ್ ಆಕ್ಸಲ್‌ಗಳು ಈ ಬಗೆಯವು. ಇದರಲ್ಲಿ ಹೊಸ ಗ್ರೀಸ್ ಕಾಣುವವರೆಗೆ ಒತ್ತುವುದು ಸರಿಯಾದ ಕ್ರಮ, ಚಕ್ರವನ್ನು ಜಾಕ್‌ನಿಂದ ಎತ್ತಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತ ಒತ್ತಬೇಕೆಂಬ ಷರತ್ತಿನೊಂದಿಗೆ. ನಿಮ್ಮ ನೆರೆಯವರ ಟ್ರೇಲರ್ ಈ ಜಾತಿಯದಿರಬೇಕು. ಇದರಲ್ಲೂ ರೋಲರ್‌ನ ಮೈಯನ್ನು ನೋಡಿದಂತಾಗುವುದಿಲ್ಲ, ಸೀಲ್ ಹೇಗಿದೆ ಎಂದು ತಿಳಿಯುವುದೂ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಬಿಚ್ಚಲೇಬೇಕು.

ಬಿಚ್ಚಿದಾಗ ಏನು ನೋಡಬೇಕು ಎಂಬುದೇ ಈ ಕೆಲಸದ ಜೀವಾಳ. ದೋಣಿಯನ್ನು ಬೇರೆ ಆಧಾರದ ಮೇಲೆ ಇಳಿಸಿ ಖಾಲಿ ಟ್ರೇಲರ್ ಮೇಲೆ ಕೆಲಸ ಮಾಡಿದರೆ ಒಳ್ಳೆಯದು. ಆಗದಿದ್ದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರಿಗೆ ಜೋಡಿಸಿಯೇ ಇಟ್ಟು, ಇನ್ನೊಂದು ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಟ್ಟು, ಆಕ್ಸಲ್‌ನ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಬರಿಯ ಜಾಕ್ ನಂಬಿ ಕೈ ಹಾಕಬೇಡಿ. ಚಕ್ರ ತೆಗೆಯುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ: ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಅಂಗೈಯನ್ನು ಪಟ್ಟಿ ಸ್ಪ್ರಿಂಗ್ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಇದ್ದರೆ ಅಂಗೈಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದಿದ್ದರೆ ರಾಗಿ ಕಲ್ಲು ತಿರುಗಿಸಿದಾಗ ನೆಲ ಸಣ್ಣಗೆ ನಡುಗುವಂತೆ ಒಂದು ಗರಗರ ಅನುಭವಕ್ಕೆ ಬರುತ್ತದೆ. ಕಿವಿಗೆ ಕೇಳಿಸುವುದಕ್ಕಿಂತ ಬಹಳ ಮೊದಲೇ ಕೈಗೆ ಇದು ಗೊತ್ತಾಗುತ್ತದೆ.

ಸ್ಪ್ಲಿಟ್ ಪಿನ್ ಮತ್ತು ನಟ್ ತೆಗೆದು ಹಬ್ ಎಳೆದ ಮೇಲೆ ಕೋನ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗಾಳಿ ಪೈಪಿನಿಂದ ಅವನ್ನು ಗಿರಗಿರ ತಿರುಗಿಸುವುದು ಬೇಡ, ರೋಲರ್ ಹಾರಿ ಕಣ್ಣಿಗೆ ಬಡಿಯಬಹುದು. ಹಬ್‌ನೊಳಗಿನ ಕಪ್‌ನ ಮೈಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ನೀರು ಒಳಗೆ ಕುಳಿತಿದ್ದ ಹಬ್‌ನಲ್ಲಿ ಒಂದು ವಿಶಿಷ್ಟ ಗುರುತು ಕಾಣುತ್ತದೆ: ಪಕ್ಕಪಕ್ಕದ ರೋಲರ್‌ಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ಅಂತರದಲ್ಲಿ ಕಪ್‌ನ ಸುತ್ತ ಸಾಲಾಗಿ ಬೂದು ಅಥವಾ ಕಪ್ಪು ಗೆರೆಗಳು, ಬಾಚಣಿಗೆಯ ಹಲ್ಲಿನ ಅಚ್ಚೊತ್ತಿದಂತೆ. ಟ್ರೇಲರ್ ಮನೆಯ ಮುಂದೆ ವಾರಗಟ್ಟಲೆ ಅಲುಗಾಡದೆ ನಿಂತಿದ್ದಾಗ ಪ್ರತಿ ರೋಲರ್ ಕಪ್ ಅನ್ನು ಮುಟ್ಟಿದ ಜಾಗದಲ್ಲಿ ನೀರು ಉಕ್ಕನ್ನು ತಿಂದ ಗುರುತು ಅದು. ಉಗುರಿನ ತುದಿಯನ್ನು ಅದರ ಮೇಲೆ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲಿಯಾದರೂ ತಡೆದು ನಿಂತರೆ ಆ ಬೇರಿಂಗ್ ಮುಗಿದಂತೆ. ರೋಲರ್‌ಗಳ ಮೇಲೆ ಸಣ್ಣ ಗುಳಿ, ಚಕ್ಕೆ ಎದ್ದ ಜಾಗ, ಅಥವಾ ಬಿಸಿಯಿಂದ ಬಂದ ನೀಲಿ ಛಾಯೆ ಕಂಡರೂ ಅದೇ ತೀರ್ಪು. "ಸ್ವಲ್ಪ ತುಕ್ಕು, ಎಮರಿ ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ" ಎನ್ನುವವರಿದ್ದಾರೆ. ತುಕ್ಕು ಹೋಗುತ್ತದೆ, ಗುಳಿ ಹೋಗುವುದಿಲ್ಲ. 14 ಅಂಗುಲದ ರಿಮ್ಮಿನ ಚಕ್ರ ಗಂಟೆಗೆ 65 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 840 ಸುತ್ತು ಸುತ್ತುತ್ತದೆ. ಕೇಟಿಯಿಂದ ಗ್ಯಾಲ್ವೆಸ್ಟನ್‌ವರೆಗಿನ 80 ಮೈಲಿಯಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಸಲ. ಪ್ರತಿ ಸುತ್ತಿಗೂ ಆ ಗುಳಿಯ ಅಂಚಿಗೆ ಏಟು ಬೀಳುತ್ತದೆ.

ಇಷ್ಟು ನೋಡಿದ ಮೇಲೆ ಸ್ಪಿಂಡಲ್ ನೋಡಿ. ವರ್ಕ್‌ಶಾಪ್‌ನವರು ಹೇಳದೆ ಬಿಟ್ಟದ್ದು ಇದನ್ನೇ. ಸೀಲ್‌ನ ತುಟಿ ಊರುವ ಪಟ್ಟಿ ಕನ್ನಡಿಯಂತಲ್ಲದಿದ್ದರೂ ನುಣುಪಾಗಿರಬೇಕು. ಅಲ್ಲಿ ತುಕ್ಕಿನ ಗುಳಿಗಳಿದ್ದರೆ, ಅಥವಾ ತುಟಿ ಉಜ್ಜಿ ಉಜ್ಜಿ ಉಗುರು ಸಿಕ್ಕುವಷ್ಟು ಕಾಲುವೆ ಬಿದ್ದಿದ್ದರೆ, ನೀವು ಎಷ್ಟೇ ಹೊಸ ಹಬ್ ಹಾಕಿದರೂ ಹೊಸ ಸೀಲ್ ಅದೇ ಕಾಲುವೆಯ ಮೇಲೆ ಕುಳಿತು ಮತ್ತೆ ನೀರು ಬಿಡುತ್ತದೆ. ಹಗುರವಾದ ಕಲೆಗಳನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ ತೆಗೆಯಬಹುದು. ಕಾಲುವೆಯಿದ್ದರೆ ಅದರ ಮೇಲೆ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಬಳೆಯನ್ನು (ಸ್ಲೀವ್) ಕೂರಿಸಬಹುದು. ಬೇರಿಂಗ್ ಕೂರುವ ಜಾಗವೇ ಬಿಸಿಯಿಂದ ನೀಲಿಯಾಗಿದ್ದರೆ ಅಥವಾ ಕೋನ್ ಅದರ ಮೇಲೆ ತಿರುಗಿ ಸವೆಸಿದ್ದರೆ ಆಕ್ಸಲನ್ನೇ ಬದಲಾಯಿಸುವುದು ಒಂದೇ ದಾರಿ. ನೀಲಿಯಾದ ಸ್ಪಿಂಡಲ್‌ಗೆ ಹೊಸ ಬೇರಿಂಗ್ ಹಾಕಿ ಕಳಿಸಿ ಎಂದು ಗಿರಾಕಿಗಳು ಒತ್ತಾಯಿಸಿದ್ದುಂಟು, ನಾನು ಒಪ್ಪಿಲ್ಲ. ಬಿಸಿಗೆ ಉಕ್ಕಿನ ಹದ ಎಷ್ಟು ಕೆಟ್ಟಿದೆ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ, ಮುರಿದರೆ ಚಕ್ರ ಹಾರುವುದು ಹಿಂದೆ ಬರುತ್ತಿರುವ ಇನ್ನೊಬ್ಬರ ಕಾರಿನತ್ತ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಎಡಗಡೆಯ ಹಬ್‌ನಲ್ಲಿ ಗ್ರೀಸ್ ಶುದ್ಧವಾಗಿದ್ದು ಕಪ್, ರೋಲರ್‌ಗಳು ಹೊಳೆಯುತ್ತಿದ್ದರೆ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿದರೆ ಸಾಕು. ಹಳೆಯ ಸೀಲನ್ನು ಮತ್ತೆ ಬಳಸುವ ಉಳಿತಾಯಕ್ಕೆ ಹೋಗಬೇಡಿ. ಬಲಗಡೆಯದಕ್ಕೆ ನನ್ನ ಅಂದಾಜಿನಲ್ಲಿ ಬೇರಿಂಗ್ ಬದಲಾವಣೆ ತಪ್ಪುವುದಿಲ್ಲ. ಕೋನ್ ಮಾತ್ರ ಹೊಸದು ಹಾಕಿ ಕಪ್ ಹಳೆಯದನ್ನೇ ಉಳಿಸಬಾರದು, ಎರಡೂ ಜೊತೆಯಾಗಿ ಹೋಗಬೇಕು. ಹಳೆಯ ಕಪ್ ಹೊರಗೆ ಬಡಿದು ಹೊಸದನ್ನು ಕೂರಿಸಲು ಹಿತ್ತಾಳೆಯ ಸಲಾಕೆ, ಸುತ್ತಿಗೆ ಮತ್ತು ತಾಳ್ಮೆ ಬೇಕು. ಕಪ್ ತಳಮುಟ್ಟಿದಾಗ ಏಟಿನ ಸದ್ದು ಮಂದದಿಂದ ಖಣಿ ಎಂದು ಬದಲಾಗುತ್ತದೆ. ಓರೆಯಾಗಿ ಕೂತ ಕಪ್ ಕೆಲವೇ ದಿನದಲ್ಲಿ ಬೇರಿಂಗ್ ತಿನ್ನುತ್ತದೆ. ಇದನ್ನು ಹಿಂದೆ ಮಾಡಿರದವರಿಗೆ ಕಪ್‌ಗಳನ್ನು ಕೂರಿಸಿಯೇ ಬರುವ ಪೂರ್ತಿ ಹಬ್ ಕೊಳ್ಳುವುದು ಸುಲಭ, ಅದಕ್ಕೇ ವರ್ಕ್‌ಶಾಪ್‌ನವರ ಸಲಹೆಯನ್ನು ನಾನು ಮೋಸ ಎನ್ನಲಾರೆ. ಉಪ್ಪುನೀರಿಗೆ ಸತುವಿನ ಲೇಪವಿರುವ ಹಬ್ ಕೊಳ್ಳಿ, ಬೋಲ್ಟ್‌ಗಳ ಸಂಖ್ಯೆ ಮತ್ತು ವೃತ್ತದ ಅಳತೆ ನಿಮ್ಮ ರಿಮ್‌ಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಗ್ರೀಸ್ ಬದಲು ಎಣ್ಣೆಯಲ್ಲಿ ಓಡುವ ಹಬ್‌ಗಳೂ ಇವೆ. ಅವುಗಳ ಪಾರದರ್ಶಕ ಮುಚ್ಚಳದಿಂದ ನೀರು ಸೇರಿದ್ದು ತಕ್ಷಣ ಕಾಣುತ್ತದೆ ಎಂಬುದು ದೊಡ್ಡ ಅನುಕೂಲ, ಆದರೆ ಸೀಲ್ ಸೋತರೆ ಎಣ್ಣೆಯೆಲ್ಲ ಒಮ್ಮೆಗೇ ಸೋರಿಹೋಗುತ್ತದೆ. ಹಳೆಯ ಸ್ಪಿಂಡಲ್‌ಗೆ ಅವನ್ನು ನಾನು ಸೂಚಿಸುವುದಿಲ್ಲ.

ಗ್ರೀಸ್ ಆಯ್ಕೆಯಲ್ಲಿ ಬಣ್ಣ ನೋಡಿ ಮರುಳಾಗಬೇಡಿ. ನೀಲಿ, ಕೆಂಪು ಎಲ್ಲ ಬರಿಯ ಬಣ್ಣ. ಡಬ್ಬಿಯ ಮೇಲೆ ಎನ್.ಎಲ್.ಜಿ.ಐ. 2 ಎಂಬ ಗಟ್ಟಿತನದ ಸಂಖ್ಯೆ ಮತ್ತು ಚಕ್ರದ ಬೇರಿಂಗ್‌ಗೆ ಸಲ್ಲುವ ಜಿ.ಸಿ.-ಎಲ್.ಬಿ. ಗುರುತು ಇರಲಿ, ನೀರಿಗೆ ತೊಳೆದುಹೋಗದ ಗುಣವಿದೆ ಎಂದು ಬರೆದಿರಲಿ. ಲಿಥಿಯಂ ಕಾಂಪ್ಲೆಕ್ಸ್ ಅಥವಾ ಕ್ಯಾಲ್ಸಿಯಂ ಸಲ್ಫೋನೇಟ್ ಮೂಲದ ಗ್ರೀಸ್‌ಗಳು ಈ ಕೆಲಸಕ್ಕೆ ಒಳ್ಳೆಯವು. ಬೇರೆ ಬೇರೆ ಮೂಲದವನ್ನು ಬೆರೆಸಿದರೆ ಕೆಲವು ಜೋಡಿಗಳು ತೆಳುವಾಗಿ ಹರಿದುಹೋಗುತ್ತವೆ, ಆದ್ದರಿಂದ ಹಳೆಯದನ್ನು ಪೂರ್ತಿ ತೊಳೆದೇ ಹೊಸದನ್ನು ಹಾಕಬೇಕು. ತುಂಬುವ ಕ್ರಮ ಸರಳ: ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಕೋನ್‌ನ ಅಗಲವಾದ ತುದಿಯನ್ನು ಅಂಗೈ ಅಂಚಿಗೆ ಒತ್ತಿ ಒತ್ತಿ ಎಳೆಯಿರಿ, ರೋಲರ್‌ಗಳ ನಡುವಿನಿಂದ ಮೇಲಿನ ಸಣ್ಣ ತುದಿಯಲ್ಲಿ ಗ್ರೀಸ್ ಶಾವಿಗೆಯಂತೆ ಎದ್ದು ಬರುವವರೆಗೆ. ಹೀಗೆ ಸುತ್ತಲೂ ಮಾಡಿ. ಹೊರಗಿನಿಂದ ಬಳಿದ ಗ್ರೀಸ್ ರೋಲರ್‌ಗಳ ನಡುವೆ ಇಳಿಯುವುದಿಲ್ಲ. ನಿಮ್ಮದು ಸ್ಪ್ರಿಂಗ್ ಕ್ಯಾಪ್ ಆದ್ದರಿಂದ ಹಬ್‌ನ ಒಳಗಿನ ಟೊಳ್ಳನ್ನೂ ಗ್ರೀಸ್‌ನಿಂದ ತುಂಬಬೇಕು.

ಎಲ್ಲ ಸರಿಯಾಗಿ ಮಾಡಿ ಕೊನೆಯಲ್ಲಿ ಕೆಡಿಸಿಕೊಳ್ಳುವುದು ನಟ್ ಬಿಗಿಯುವಾಗ. ಕೆಲವು ವರ್ಷಗಳ ಹಿಂದೆ ಒಬ್ಬರು ತಾವೇ ಹೊಸ ಬೇರಿಂಗ್ ಹಾಕಿಕೊಂಡು, ಚಕ್ರ ಕೂದಲೆಳೆಯಷ್ಟೂ ಅಲುಗಾಡಬಾರದೆಂದು ಪಾನದಿಂದ ಜೋರಾಗಿ ನಟ್ ಬಿಗಿದು ಹೊರಟಿದ್ದರು. ಮೂವತ್ತು ಮೈಲಿ ದಾಟುವುದರಲ್ಲಿ ಹೊರ ಬೇರಿಂಗ್ ಸ್ಪಿಂಡಲ್‌ಗೆ ಬೆಸೆದುಕೊಂಡಿತ್ತು. ನಮ್ಮಲ್ಲಿಗೆ ತಂದಾಗ ಕ್ಯಾಪ್‌ನೊಳಗೆ ಗ್ರೀಸ್ ಇರಲಿಲ್ಲ, ಸುಟ್ಟ ಕರಿ ಪುಡಿ ಇತ್ತು. ಟೇಪರ್ ಬೇರಿಂಗ್‌ಗೆ ಬಿಸಿಯಾದಾಗ ಹಿಗ್ಗಲು ಅತಿ ಸಣ್ಣ ಸಡಿಲ ಬೇಕೇ ಬೇಕು, 0.025ರಿಂದ 0.25 ಮಿಲಿಮೀಟರ್. ಅದನ್ನು ಪಡೆಯುವ ರೀತಿ ಇದು: ಹಬ್ ತಿರುಗಿಸುತ್ತಲೇ ನಟ್ಟನ್ನು ಸುಮಾರು 50 ಫುಟ್-ಪೌಂಡ್‌ವರೆಗೆ ಬಿಗಿಯಿರಿ, ಇದರಿಂದ ರೋಲರ್‌ಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆಮೇಲೆ ಹಬ್ ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬರಿಗೈ ಬೆರಳಿನಿಂದ ತಾಗುವಷ್ಟೇ ತಿರುಗಿಸಿ. ಪಿನ್‌ನ ರಂಧ್ರ ಹೊಂದದಿದ್ದರೆ ಬಿಗಿಯುವ ಕಡೆಗಲ್ಲ, ಸಡಿಲಿಸುವ ಕಡೆಗೆ ಹತ್ತಿರದ ಸೀಳಿಗೆ ತನ್ನಿ. ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲುಗಳನ್ನು ಮಡಚಿ. ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಮೊದಲ 50 ಮೈಲಿಯ ನಂತರ ಮತ್ತೊಮ್ಮೆ ಪರೀಕ್ಷಿಸಿ.

ಇನ್ನು ಮುಂದಿನ ಕಾಲಕ್ರಮ. ತಯಾರಕರ ಕೈಪಿಡಿಗಳು 12 ತಿಂಗಳು ಅಥವಾ 12,000 ಮೈಲಿ ಎನ್ನುತ್ತವೆ. ಗ್ಯಾಲ್ವೆಸ್ಟನ್‌ನ ಉಪ್ಪುನೀರಿಗೆ ಪದೇ ಪದೇ ಇಳಿಸುವವರು ಆರು ತಿಂಗಳಿಗೊಮ್ಮೆ ಒಂದು ಹಬ್ ಆದರೂ ಬಿಚ್ಚಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ನಿಲ್ಲಿಸಿಡುವ ಮುನ್ನ ನೋಡುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಆ ಬಾಚಣಿಗೆ ಗೆರೆಗಳು ಮೂಡುವುದು ನಿಂತಿರುವಾಗಲೇ. ರ‍್ಯಾಂಪ್ (ದೋಣಿ ಇಳಿಸುವ ಇಳಿಜಾರು) ತಲುಪಿದ ಕೂಡಲೇ ನೀರಿಗಿಳಿಸಬೇಡಿ. ಹಗ್ಗ ಬಿಚ್ಚುವುದು, ಸಾಮಾನು ಏರಿಸುವುದು, ದೋಣಿಯ ತಳದ ಬಿರಡೆ ಹಾಕುವುದು ಇವನ್ನೆಲ್ಲ ಆಗ ಮಾಡಿಕೊಂಡರೆ ಹಬ್‌ಗೆ ತಣಿಯಲು ಇಪ್ಪತ್ತು ನಿಮಿಷ ಸಿಗುತ್ತದೆ. ದೋಣಿ ತೇಲುವಷ್ಟು ಮಾತ್ರ ಹಿಂದೆ ಹೋಗಿ. ಹಲವು ರ‍್ಯಾಂಪ್‌ಗಳಲ್ಲಿ ಹಬ್ ಪೂರ್ತಿ ಮುಳುಗಿಸುವ ಅಗತ್ಯವಿರುವುದಿಲ್ಲ. ಮನೆಗೆ ಬಂದು ಸಿಹಿನೀರಿನಿಂದ ತೊಳೆಯಿರಿ, ಆದರೆ ಪ್ರೆಶರ್ ವಾಷರ್‌ನ ಧಾರೆಯನ್ನು ಸೀಲ್‌ನತ್ತ ಹಿಡಿಯಬೇಡಿ. ದಾರಿಯಲ್ಲಿ ನಿಂತಾಗಲೆಲ್ಲ ನೀವು ಭಾನುವಾರ ಮಾಡಿದಂತೆ ಎರಡೂ ಹಬ್ ಮುಟ್ಟಿ ನೋಡಿ. ಐದು ಸೆಕೆಂಡ್ ಅಂಗೈ ಇಡಲಾಗದಿದ್ದರೆ, ಅಥವಾ ಒಂದಕ್ಕಿಂತ ಇನ್ನೊಂದು ಸ್ಪಷ್ಟವಾಗಿ ಹೆಚ್ಚು ಬಿಸಿಯಿದ್ದರೆ ಅಲ್ಲೇ ನಿಲ್ಲಿಸಬೇಕು. ಆ ಅಭ್ಯಾಸವೇ ನಿಮ್ಮನ್ನು ಈ ಸಲ ಉಳಿಸಿದೆ.

ನೀವೇ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಮೊದಲ ಸಲ ಒಂದು ಹಬ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಎಡಗಡೆಯದರಿಂದ ಆರಂಭಿಸಿ, ಸರಿಯಿರುವ ಜೋಡಣೆ ಹೇಗಿರುತ್ತದೆ ಎಂದು ಕಣ್ಣಿಗೆ ಬೀಳಲಿ. ಭಾಗಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದುಕೊಳ್ಳಿ. ಬಲಗಡೆಯದನ್ನು ಬಿಚ್ಚಿದಾಗ ಸ್ಪಿಂಡಲ್ ನೀಲಿಯಾಗಿದ್ದರೆ ಅಥವಾ ಕೋನ್ ಕೈಗೆ ಬರದೆ ಅಂಟಿಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ, ಮನೆಗೇ ಬಂದು ಕೆಲಸ ಮಾಡುವ ಟ್ರೇಲರ್ ಮೆಕ್ಯಾನಿಕ್ ಒಬ್ಬರನ್ನು ಕರೆಸಿ.

ಮೂರು ವಾರದ ನಂತರದ ಪ್ರವಾಸಕ್ಕೆ ಸಮಯ ಸಾಕಷ್ಟಿದೆ. ಕೆಲಸ ಮುಗಿದ ಮೇಲೆ ಮೊದಲು ಮನೆಯ ಸುತ್ತ ಹತ್ತು ಮೈಲಿ ಎಳೆದು ಮುಟ್ಟಿ ನೋಡಿ, ಮತ್ತೊಂದು ದಿನ ಮೂವತ್ತು ಮೈಲಿ. ಹೊಸ ಬೇರಿಂಗ್ ಮೊದಲ ಓಟದಲ್ಲಿ ಸ್ವಲ್ಪ ಹೆಚ್ಚು ಬೆಚ್ಚಗಾಗುವುದು ಸಹಜ, ಎರಡನೆಯ ಓಟದಲ್ಲಿ ಇಳಿಯಬೇಕು. ಗ್ಯಾಲ್ವೆಸ್ಟನ್‌ಗೆ ಹೊರಡುವಾಗ ಗ್ರೀಸ್ ತುಂಬಿ ಸೀಲ್ ಸಮೇತ ಸಿದ್ಧಪಡಿಸಿದ ಒಂದು ಹೆಚ್ಚುವರಿ ಹಬ್, ಜಾಕ್, ಪಾನ, ಇಕ್ಕಳ, ನಾಲ್ಕಾರು ಸ್ಪ್ಲಿಟ್ ಪಿನ್‌ಗಳನ್ನು ಒಂದು ಡಬ್ಬಿಯಲ್ಲಿ ಕಾರಿನಲ್ಲಿಡಿ, ದೋಣಿಯಲ್ಲಿ ಅಲ್ಲ. ಐ-45 ಹೆದ್ದಾರಿಯ ಅಂಚಿನಲ್ಲಿ ಕೆಟ್ಟು ನಿಂತಾಗ ಓರೆಯಾದ ಟ್ರೇಲರ್ ಮೇಲಿನ ದೋಣಿ ಹತ್ತುವುದು ಅಪಾಯ. ಬಲಗಡೆಯ ಕಪ್‌ನಲ್ಲಿ ಏನು ಕಂಡಿತೆಂದು ಫೋಟೋ ಸಮೇತ ಬರೆದು ತಿಳಿಸಿ. ಸ್ಪಿಂಡಲ್‌ನ ಸೀಲ್ ಪಟ್ಟಿಯದೂ ಒಂದು ಇರಲಿ.